ಗಣಿತದ ಮಾದರಿ ಕಟ್ಟಿಸಲು ಯಾವ ತಂತ್ರಾಂಶ?

ನಮ್ಮ ಕಾಲೇಜಿನ ಹಿತ್ತಿಲಲ್ಲಿ ಗಿಡಗಳಿಗೆ ನೀರು ಹಾಕಲೆಂದು ಇಟ್ಟಿರುವ ನೀಲಿ ಡ್ರಮ್ ಒಂದಿದೆ. ಬುಡದಲ್ಲಿ ನಲ್ಲಿ. ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ಗಣಿತ ಪ್ರಯೋಗಾಲಯದ ಮೊದಲ ತರಗತಿ ನಡೆಯುವುದು ಅಲ್ಲೇ. ನಲ್ಲಿಯ ಬಾಯಿಯ ಮಟ್ಟದಿಂದ ಮೇಲಕ್ಕೆ ನೀರು 100 ಸೆಂಟಿಮೀಟರ್ ಇರುವಂತೆ ತುಂಬಿಸಿ, ನಲ್ಲಿ ತಿರುಗಿಸಿ, ಒಳಗೆ ಇಳಿಬಿಟ್ಟ ಮರದ ಸ್ಕೇಲನ್ನು ನೋಡುತ್ತ ನಿಲ್ಲುತ್ತೇವೆ. ಹತ್ತು ನಿಮಿಷಕ್ಕೆ ನೀರು 81ಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಲೆಕ್ಕ ಹಿಡಿಯಲು ಸುಲಭವಾಗಲೆಂದು ಅಂಕಿಯನ್ನು ತುಸು ಸರಿಮಾಡಿ ಹೇಳುತ್ತಿದ್ದೇನೆ. ಡ್ರಮ್ ಪೂರ್ತಿ ಖಾಲಿಯಾಗಲು ಎಷ್ಟು ಹೊತ್ತು ಬೇಕು ಎಂದು ಆಗ ಕೇಳುತ್ತೇನೆ.

ಹೆಚ್ಚಿನವರು ತಕ್ಷಣ ಹೇಳುವುದು ಐವತ್ತಮೂರು ನಿಮಿಷ. ಹತ್ತು ನಿಮಿಷಕ್ಕೆ 19 ಇಳಿದರೆ ನೂರಕ್ಕೆ ಎಷ್ಟು ಎಂಬ ತ್ರೈರಾಶಿ ಲೆಕ್ಕ ಅದು. ಸ್ವಲ್ಪ ಓದಿಕೊಂಡವರು ‘ಸರ್, ಪ್ರತಿ ಹತ್ತು ನಿಮಿಷಕ್ಕೂ ಶೇ. 81ರಷ್ಟು ಉಳಿಯುತ್ತದೆ, ಹಾಗಾಗಿ ಅದು ಪೂರ್ತಿ ಖಾಲಿಯಾಗುವುದೇ ಇಲ್ಲ’ ಎನ್ನುತ್ತಾರೆ. ಐವತ್ತು ನಿಮಿಷ ಕಾದರೆ ಉತ್ತರ ಕಣ್ಣೆದುರಿಗೇ ಬರುತ್ತದೆ. ಮೊದಲ ಲೆಕ್ಕದ ಪ್ರಕಾರ ಆಗ 5 ಸೆಂಟಿಮೀಟರ್ ನೀರಿರಬೇಕು, ಎರಡನೆಯದರ ಪ್ರಕಾರ ಸುಮಾರು 35. ಸ್ಕೇಲು ತೋರಿಸುವುದು 25ರ ಆಸುಪಾಸು. ಎರಡೂ ಮಾದರಿ ಬಿದ್ದವು. ವರ್ಗಮೂಲ ತೆಗೆದು ನೋಡಿ ಎಂದು ನಾನು ಹೇಳುವ ಹೊತ್ತಿಗೆ ಯಾರಾದರೊಬ್ಬರು ಅದನ್ನು ಕಂಡುಕೊಂಡಿರುತ್ತಾರೆ: 100ರ ವರ್ಗಮೂಲ 10, 81ರದು 9, ಐವತ್ತನೇ ನಿಮಿಷದ 25ರದು 5. ಎತ್ತರದ ವರ್ಗಮೂಲ ಹತ್ತು ನಿಮಿಷಕ್ಕೊಂದರಂತೆ ಸಮನಾಗಿ ಇಳಿಯುತ್ತಿದೆ. ಡ್ರಮ್ ಖಾಲಿಯಾಗುವುದು ನೂರನೇ ನಿಮಿಷಕ್ಕೆ. ಹದಿನೇಳನೇ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ಹೇಳಿದ ನಿಯಮ ಇದೇ.

ಈ ಒಂದು ತರಗತಿಯಲ್ಲಿ ಮಾದರಿ ಕಟ್ಟುವ ಕೆಲಸವೆಲ್ಲ ಬಂದುಹೋಯಿತು. ಊಹಿಸಿದೆವು, ಲೆಕ್ಕ ಹಾಕಿದೆವು, ಅಳತೆಗೆ ಹಿಡಿದೆವು, ತಪ್ಪಿತು, ಊಹೆ ಬದಲಿಸಿದೆವು. ಕಂಪ್ಯೂಟರ್ ಇನ್ನೂ ಆನ್ ಆಗಿಲ್ಲ. ಬೇರೆ ಕಾಲೇಜಿನ ಗೆಳೆಯರು ಫೋನ್ ಮಾಡಿ ‘ಮಾಡೆಲಿಂಗ್ ಕಲಿಸಬೇಕು, ಲ್ಯಾಬಿಗೆ ಯಾವ ಸಾಫ್ಟ್‌ವೇರ್ ಹಾಕಿಸೋಣ?’ ಎಂದು ಕೇಳಿದಾಗಲೆಲ್ಲ ನಾನು ತಿರುಗಿ ಕೇಳುವುದು ಒಂದೇ: ಮಕ್ಕಳ ಮುಂದೆ ಯಾವ ಪ್ರಶ್ನೆ ಇಡುತ್ತೀರಿ? ಡ್ರಮ್ಮಿನ ಪ್ರಶ್ನೆಗೆ ಬೇಕಾದ ತಂತ್ರಾಂಶ ಬೇರೆ, ಸಾಂಕ್ರಾಮಿಕ ರೋಗದ ಪ್ರಶ್ನೆಗೆ ಬೇಕಾದದ್ದು ಬೇರೆ. ಜೊತೆಗೆ ನಾನು ಬಿಟ್ಟುಕೊಡದ ಷರತ್ತು ಒಂದಿದೆ. ಮಾದರಿಯ ಒಳಗಿನ ಸಮೀಕರಣ ವಿದ್ಯಾರ್ಥಿಯ ಕಣ್ಣಿಗೆ ಕಾಣಬೇಕು, ಅದನ್ನು ಕೆಡವಿ ಮತ್ತೆ ಕಟ್ಟುವುದು ಅವನ ಕೈಯಲ್ಲಿರಬೇಕು. ಗುಂಡಿ ಒತ್ತಿದರೆ ಅಂದದ ನಕ್ಷೆ ಬಿಡಿಸಿಕೊಡುವ, ಆದರೆ ಒಳಗೇನಾಯಿತೆಂದು ಹೇಳದ ತಂತ್ರಾಂಶ ಎಷ್ಟೇ ದೊಡ್ಡ ಹೆಸರಿನದಾದರೂ ಪಾಠಕ್ಕೆ ಬೇಡ.

ಉಚಿತ ಬೇರೆ, ಮುಕ್ತ ಬೇರೆ

ಕನ್ನಡದಲ್ಲಿ ನಮಗೆ ಎರಡು ಬೇರೆ ಮಾತುಗಳಿರುವುದು ಇಲ್ಲಿ ದೊಡ್ಡ ಅನುಕೂಲ. ದುಡ್ಡು ಕೇಳದ್ದು ಉಚಿತ. ಒಳಗಿನ ಸಂಕೇತವನ್ನು ತೆರೆದಿಟ್ಟು, ಬಳಸಲು, ಓದಲು, ತಿದ್ದಲು, ಹಂಚಲು ಅನುಮತಿ ಕೊಟ್ಟದ್ದು ಮುಕ್ತ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದಾಗಿನಿಂದ ಬೆಳೆದು ಬಂದಿರುವುದು ಈ ಎರಡನೆಯ ಪರಂಪರೆ. ಡೆಸ್ಮೋಸ್ ಉಚಿತ, ಮುಕ್ತವಲ್ಲ. ವೆನ್‌ಸಿಮ್‌ನ ಕಲಿಕಾ ಆವೃತ್ತಿ ಶಿಕ್ಷಣಕ್ಕೆ ಉಚಿತ, ಮುಕ್ತವಲ್ಲ. ಗೂಗಲ್ ಕೊಲ್ಯಾಬ್ ಕೂಡ ಹಾಗೆಯೇ. ಇವು ಕೆಟ್ಟವೆಂದಲ್ಲ. ಆದರೆ ನಾಳೆ ನಿಯಮ ಬದಲಾದರೆ ನಮ್ಮ ಪಾಠ ಅವರ ಕೈಯಲ್ಲಿರುತ್ತದೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ದುಬಾರಿ ತಂತ್ರಾಂಶವೊಂದರ ವಾರ್ಷಿಕ ಪರವಾನಗಿ ಸೆಮಿಸ್ಟರಿನ ನಡುವೆ ಮುಗಿಯಿತು. ನವೀಕರಣದ ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿದ್ದ ಆರು ವಾರ ಮಕ್ಕಳು ತಾವೇ ಬರೆದ ಪ್ರೋಗ್ರಾಮುಗಳನ್ನು ತೆರೆಯಲಾರದೆ ಕೂತರು. ಪ್ರಾಯೋಗಿಕ ಪರೀಕ್ಷೆ ಎದುರಿಗಿತ್ತು. ಕೊನೆಗೆ ಒಬ್ಬ ಹುಡುಗ ಎಲ್ಲಿಂದಲೋ ಕದ್ದ ಪ್ರತಿ ತಂದು ಹಾಕಿದ. ನಾವು ನೋಡಿಯೂ ನೋಡದಂತಿದ್ದೆವು. ಹದಿನೆಂಟು ವರ್ಷದ ಹುಡುಗನಿಗೆ ಆ ವರ್ಷ ನಾವು ಕಲಿಸಿದ್ದೇನು ಎಂದು ಇವತ್ತಿಗೂ ನನಗೆ ಸಂಕಟವಾಗುತ್ತದೆ. ಮುಕ್ತ ತಂತ್ರಾಂಶದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಲ್ಯಾಬಿನಲ್ಲಿರುವುದನ್ನೇ ವಿದ್ಯಾರ್ಥಿ ಮನೆಗೆ ಒಯ್ಯುತ್ತಾನೆ, ತಂಗಿಯ ಕಂಪ್ಯೂಟರಿಗೂ ಹಾಕಿಕೊಡುತ್ತಾನೆ.

ಮೊದಲು ಸ್ಪ್ರೆಡ್‌ಶೀಟ್

ಪಿಯು ಇರಲಿ, ಪದವಿ ಇರಲಿ, ನನ್ನ ಮೊದಲ ಆಯ್ಕೆ ಲಿಬ್ರೆಆಫೀಸಿನ ಕ್ಯಾಲ್ಕ್. ‘ಇಷ್ಟೇನಾ, ಇದು ಗುಮಾಸ್ತರ ಸಾಫ್ಟ್‌ವೇರ್ ಅಲ್ಲವೇ’ ಎನ್ನುವವರಿದ್ದಾರೆ. ಮಾದರಿ ಹೆಜ್ಜೆಹೆಜ್ಜೆಯಾಗಿ ಹೇಗೆ ನಡೆಯುತ್ತದೆಂದು ಇದರಷ್ಟು ಬಿಚ್ಚಿ ತೋರಿಸುವ ಸಾಧನವನ್ನು ನಾನು ಕಂಡಿಲ್ಲ. ಡ್ರಮ್ಮನ್ನೇ ತೆಗೆದುಕೊಳ್ಳಿ. ಒಂದು ಕಾಲಂನಲ್ಲಿ ಸಮಯ, ಪಕ್ಕದಲ್ಲಿ ಎತ್ತರ. ಮುಂದಿನ ನಿಮಿಷದ ಎತ್ತರವೆಂದರೆ ಈಗಿನ ಎತ್ತರದಿಂದ, ಅದರ ವರ್ಗಮೂಲದ 0.2ರಷ್ಟನ್ನು ಕಳೆದದ್ದು. ಒಂದು ಸೆಲ್‌ನಲ್ಲಿ ಫಾರ್ಮುಲಾ ಬರೆದು ಕೆಳಕ್ಕೆ ಎಳೆದರೆ ಡ್ರಮ್ ಪರದೆಯ ಮೇಲೆ ಖಾಲಿಯಾಗುತ್ತದೆ. ಅವಕಲ ಸಮೀಕರಣ ಎಂಬ ಮಾತು ಕೇಳಿದರೆ ಹೆದರುವ ಹುಡುಗಿ ಕೂಡ ಅದನ್ನು ಬಿಡಿಸಿ ಮುಗಿಸಿರುತ್ತಾಳೆ. ಅದರ ಹೆಸರು ಆಯ್ಲರ್ ವಿಧಾನ ಎಂದು ಆಮೇಲೆ ಹೇಳಿದರಾಯಿತು.

ಇಲ್ಲೇ ಇನ್ನೊಂದು ಪಾಠವೂ ಸಿಗುತ್ತದೆ. ಹೆಜ್ಜೆಯನ್ನು ಒಂದು ನಿಮಿಷದ ಬದಲು ಹತ್ತು ನಿಮಿಷ ಮಾಡಿದರೆ ಹತ್ತನೇ ನಿಮಿಷದ ಎತ್ತರ 80 ಎಂದು ಬರುತ್ತದೆ. ಒಂದು ನಿಮಿಷದ ಹೆಜ್ಜೆಯಲ್ಲಿ 80.9. ಸಮೀಕರಣದ ನಿಖರ ಉತ್ತರ 81. ಮಾದರಿ ತಪ್ಪಿದ್ದೋ, ಲೆಕ್ಕ ಮಾಡಿದ ರೀತಿ ತಪ್ಪಿದ್ದೋ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿ ಇಲ್ಲೇ ಕೇಳಲು ಕಲಿಯದಿದ್ದರೆ ಮುಂದೆ ದೊಡ್ಡ ತಂತ್ರಾಂಶಗಳು ಕೊಟ್ಟದ್ದನ್ನೆಲ್ಲ ನಂಬುತ್ತಾನೆ.

ಎರಡನೇ ಅಭ್ಯಾಸಕ್ಕೆ ನಾನು ಜನಗಣತಿಯ ಅಂಕಿಗಳನ್ನು ಕೊಡುತ್ತೇನೆ. ಈಗಿನ ಕರ್ನಾಟಕದ ಜನಸಂಖ್ಯೆ 1961ರಲ್ಲಿ 2.36 ಕೋಟಿ, 1971ರಲ್ಲಿ 2.93, 1981ರಲ್ಲಿ 3.71, 1991ರಲ್ಲಿ 4.50, 2001ರಲ್ಲಿ 5.29, 2011ರಲ್ಲಿ 6.11 ಕೋಟಿ. 1971ರಿಂದ 81ರವರೆಗಿನ ಬೆಳವಣಿಗೆ ಶೇ. 26.75. ಅದೇ ದರ ಮುಂದುವರಿದಿದ್ದರೆ 2011ರಲ್ಲಿ ನಾವು 7.56 ಕೋಟಿ ಇರಬೇಕಿತ್ತು. ಸುಮಾರು ಒಂದೂವರೆ ಕೋಟಿಯ ವ್ಯತ್ಯಾಸ. ಏಕೆ ಹೀಗಾಯಿತು ಎಂದು ಕೇಳಿದರೆ ತರಗತಿ ಗಣಿತದಿಂದ ಅಜ್ಜಿಯ ಮನೆಗೆ ಹೋಗುತ್ತದೆ: ಅಜ್ಜಿಗೆ ಎಂಟು ಮಕ್ಕಳು, ಅಮ್ಮನಿಗೆ ಇಬ್ಬರು. ಬೆಳವಣಿಗೆಯ ದರ ಸ್ಥಿರವಲ್ಲ ಎಂಬುದು ಅವರಿಗೆ ಮನೆಯಿಂದಲೇ ಗೊತ್ತಿದೆ. ಅದನ್ನು ಸಮೀಕರಣಕ್ಕೆ ತರುವುದಷ್ಟೇ ಉಳಿದ ಕೆಲಸ.

ಇದೇ ಅಂಕಿಗಳಲ್ಲಿ ಒಂದು ಬಲೆಯೂ ಇದೆ. ಮಕ್ಕಳು ಬೇಕೆಂದೇ ಬೀಳುವಂತೆ ಬಿಡುತ್ತೇನೆ. ಕ್ಯಾಲ್ಕ್‌ನ ನಕ್ಷೆಗೆ ಟ್ರೆಂಡ್‌ಲೈನ್ ಹಾಕಿ, ಐದನೇ ಘಾತದ ಬಹುಪದೋಕ್ತಿ ಆರಿಸಿ ಎನ್ನುತ್ತೇನೆ. ಆರು ಬಿಂದುಗಳ ಮೇಲೂ ಗೆರೆ ಕೂದಲೆಳೆಯಷ್ಟೂ ತಪ್ಪದೆ ಹಾದುಹೋಗುತ್ತದೆ, ಆರ್ ಸ್ಕ್ವೇರ್ಡ್ ಬೆಲೆ ಸರಿಯಾಗಿ 1. ತರಗತಿಗೆ ಖುಷಿ. ಈಗ ಅದೇ ಗೆರೆಯನ್ನು ಮುಂದಕ್ಕೆ ಎಳೆಯಿರಿ. 2031ರವರೆಗೆ ಏರಿ, ಆಮೇಲೆ ಕುಸಿದು, 2051ರಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 3.3 ಕೋಟಿ ಎನ್ನುತ್ತದೆ. 2061ರಲ್ಲಿ ಸೊನ್ನೆಗಿಂತ ಕೆಳಗೆ! ಹಳೆಯ ಅಂಕಿಗಳಿಗೆ ಚೆನ್ನಾಗಿ ಹೊಂದಿಕೊಂಡ ಮಾದರಿಯೆಲ್ಲ ಒಳ್ಳೆಯ ಮಾದರಿಯಲ್ಲ ಎಂಬುದನ್ನು ಆ ದಿನದ ನಂತರ ಯಾರಿಗೂ ಬಾಯಿಪಾಠ ಮಾಡಿಸಬೇಕಾಗಿಲ್ಲ. ಒಂದು ಸೂಚನೆ: ಇಸವಿಯನ್ನು 1961, 1971 ಎಂದು ಕೊಡದೆ 0, 1, 2 ಎಂದು ದಶಕಗಳಾಗಿ ಕೊಡಿ. ಸಾವಿರದ ಅಂಕಿಗಳನ್ನು ಐದನೇ ಘಾತಕ್ಕೆ ಏರಿಸಿದಾಗ ಕಂಪ್ಯೂಟರಿನ ದಶಮಾಂಶಗಳು ಸೋರಿಹೋಗಿ ಉತ್ತರ ಕೆಡುತ್ತದೆ.

ಕ್ಯಾಲ್ಕ್‌ನಲ್ಲಿ ಸಾಲ್ವರ್ ಎಂಬ ಸೌಲಭ್ಯವಿದೆ. ದ್ವಿತೀಯ ಪಿಯುಸಿಯಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಓದುವ ಮಕ್ಕಳಿಗೆ ಅದು ಹೇಳಿ ಮಾಡಿಸಿದಂತಿದೆ. ನಾನು ಪುಸ್ತಕದ ಕುರ್ಚಿ-ಮೇಜಿನ ಲೆಕ್ಕ ಬಿಟ್ಟು, ನಿಮ್ಮ ಮನೆಯ ಹೊಲದ ಲೆಕ್ಕ ತನ್ನಿ ಎನ್ನುತ್ತೇನೆ. ಒಬ್ಬ ಹುಡುಗ ನಾಲ್ಕು ಎಕರೆಯ ಲೆಕ್ಕ ತಂದ. ರಾಗಿಗೆ ಎಷ್ಟು ಖರ್ಚು, ಶೇಂಗಾಕ್ಕೆ ಎಷ್ಟು, ಆಳು ಎಷ್ಟು, ಕೈಗೆ ಬರುವುದೆಷ್ಟು. ಸಾಲ್ವರ್ ಹೇಳಿತು: ನಾಲ್ಕು ಎಕರೆಗೂ ಶೇಂಗಾ ಹಾಕಿ, ರಾಗಿ ಬೇಡವೇ ಬೇಡ. ಹುಡುಗ ಹೆಮ್ಮೆಯಿಂದ ಮನೆಗೆ ಹೋಗಿ ಹೇಳಿದ. ಅವನಪ್ಪ ಕೇಳಿದ್ದು ಒಂದೇ ಮಾತು: ‘ರಾಗಿ ಬಿತ್ತದಿದ್ರೆ ದನಕ್ಕೆ ಹುಲ್ಲು ಎಲ್ಲಿಂದ ತರ್ತೀಯೋ?’ ಮರುದಿನ ಹುಡುಗ ಹುಲ್ಲಿನ ಷರತ್ತು ಸೇರಿಸಿ ಲೆಕ್ಕ ಮಾಡಿದ. ರಾಗಿ ಮರಳಿ ಬಂತು. ಆ ವರ್ಷ ನನ್ನ ತರಗತಿಯಲ್ಲಿ ಮಾದರಿ ಕಟ್ಟುವುದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿಸಿದವರು ಆ ರೈತರೇ.

ಜಿಯೋಜೀಬ್ರಾ ಎಲ್ಲಿ ಗೆಲ್ಲುತ್ತದೆ

ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಅವರ ಸ್ನಾತಕೋತ್ತರ ಪ್ರಬಂಧದ ಕೆಲಸವಾಗಿ ಹುಟ್ಟಿದ ಜಿಯೋಜೀಬ್ರಾ ಇವತ್ತು ಹೈಸ್ಕೂಲು ಗಣಿತ ಮೇಷ್ಟ್ರುಗಳಿಗೆ ಚೆನ್ನಾಗಿ ಪರಿಚಿತ. ಇದರ ಶಕ್ತಿ ಸ್ಲೈಡರ್‌ನಲ್ಲಿದೆ. ಬೆಳವಣಿಗೆಯ ದರಕ್ಕೆ ಒಂದು ಸ್ಲೈಡರ್, ಗರಿಷ್ಠ ಮಿತಿಗೆ ಇನ್ನೊಂದು. ಜನಗಣತಿಯ ಬಿಂದುಗಳ ಮೇಲೆ ವಕ್ರರೇಖೆಯನ್ನು ವಿದ್ಯಾರ್ಥಿ ಬೆರಳಲ್ಲೇ ಸರಿಸಿ ಕೂರಿಸುತ್ತಾನೆ. 1838ರಲ್ಲಿ ಬೆಲ್ಜಿಯಂನ ವೆರ್‌ಹುಲ್ಸ್ಟ್ ಮಂಡಿಸಿದ ಲಾಜಿಸ್ಟಿಕ್ ಮಾದರಿಯ ಒಂದೊಂದು ಅಕ್ಷರಕ್ಕೂ ಏನರ್ಥವೆಂದು ಸ್ಲೈಡರ್ ಎಳೆದಾಗ ತಿಳಿಯುವಷ್ಟು ಕರಿಹಲಗೆಯಲ್ಲಿ ತಿಳಿಯುವುದಿಲ್ಲ. ಕ್ಯಾಲ್ಕ್‌ನ ಟ್ರೆಂಡ್‌ಲೈನಿನಲ್ಲಿ ಲಾಜಿಸ್ಟಿಕ್ ಇಲ್ಲ. ಇಲ್ಲಿ ‘ಫಿಟ್‌ಲಾಜಿಸ್ಟಿಕ್’ ಎಂಬ ಒಂದೇ ಆಜ್ಞೆ ಸಾಕು. ಆದರೆ ಆ ಆಜ್ಞೆಯನ್ನು ಮೊದಲೇ ಹೇಳಿಕೊಡಬೇಡಿ. ಕೈಯಿಂದ ಕೂರಿಸಿದ ಮೇಲೆ ಹೇಳಿ.

ಇಲ್ಲಿ ನೆನಪಿಡಬೇಕಾದ ಸಂಗತಿಯೆಂದರೆ, ಜಿಯೋಜೀಬ್ರಾ ಲಾಭದ ಉದ್ದೇಶವಿಲ್ಲದ ಬಳಕೆಗೆ ಮಾತ್ರ ಉಚಿತ. ಶಾಲೆ ಕಾಲೇಜುಗಳಿಗೆ ತೊಂದರೆಯಿಲ್ಲ, ಶುಲ್ಕ ಪಡೆದು ನಡೆಸುವ ಟ್ಯೂಷನ್ ಕೇಂದ್ರದವರು ನಿಯಮ ಓದಿಕೊಳ್ಳಬೇಕು. 2021ರಲ್ಲಿ ಬೈಜೂಸ್ ಅದನ್ನು ಕೊಂಡಿತು. ಮಾಲೀಕರು ಬದಲಾಗಬಹುದಾದ ಕಡೆ ನಾವು ಕಂಪ್ಯೂಟರಿನಲ್ಲೇ ನಡೆಯುವ ಆವೃತ್ತಿಯನ್ನು ಇಳಿಸಿಟ್ಟುಕೊಳ್ಳುವುದು ಕ್ಷೇಮ. ಕನ್ನಡ ಮಾಧ್ಯಮದ ಶಿಕ್ಷಕರಿಗೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ತಾಣದಲ್ಲಿ ಜಿಯೋಜೀಬ್ರಾ ಬಳಸಿ ಕಲಿಸುವ ಸಾಮಗ್ರಿ ಕನ್ನಡದಲ್ಲೇ ಸಿಗುತ್ತದೆ.

ಪೈಥಾನ್, ಕನ್ನಡದ ಹೆಸರುಗಳೊಂದಿಗೆ

ಪದವಿ ತರಗತಿಗೆ, ಒಂದು ಅವಧಿ ಕ್ಯಾಲ್ಕ್‌ನಲ್ಲಿ ಪಳಗಿದ ಮೇಲೆ, ನನ್ನ ಆಯ್ಕೆ ಪೈಥಾನ್. ಇದರಲ್ಲಿ ನನಗೆ ಅನುಮಾನವಿಲ್ಲ. ಸಂಖ್ಯೆಗಳ ಪಟ್ಟಿಗೆ ನಮ್‌ಪೈ, ಸಮೀಕರಣ ಬಿಡಿಸಲು ಸೈಪೈ, ನಕ್ಷೆಗೆ ಮ್ಯಾಟ್‌ಪ್ಲಾಟ್‌ಲಿಬ್, ಅಕ್ಷರಗಣಿತಕ್ಕೆ ಸಿಮ್‌ಪೈ. ಎಲ್ಲವೂ ಮುಕ್ತ. ವಿಜ್ಞಾನ, ಎಂಜಿನಿಯರಿಂಗ್, ಬ್ಯಾಂಕು, ಹವಾಮಾನ, ವಿದ್ಯಾರ್ಥಿ ಮುಂದೆ ಯಾವ ಕಡೆಗೆ ಹೋದರೂ ಇದು ಕೈಬಿಡುವುದಿಲ್ಲ.

ನಾನು ಇಲ್ಲಿ ಮಾಡಿಸುವುದು ಸಾಂಕ್ರಾಮಿಕದ ಮಾದರಿ. ಊರಿನ ಜನರನ್ನು ಮೂರು ಗುಂಪು ಮಾಡಿ: ರೋಗ ತಗಲಬಹುದಾದವರು, ಸೋಂಕಿತರು, ಚೇತರಿಸಿಕೊಂಡವರು. ದಿನದಿನಕ್ಕೆ ಒಂದು ಗುಂಪಿನಿಂದ ಇನ್ನೊಂದಕ್ಕೆ ಎಷ್ಟು ಜನ ದಾಟುತ್ತಾರೆ ಎಂಬುದಷ್ಟೇ ಲೆಕ್ಕ. ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲಿ ಇದನ್ನು ಪ್ರಕಟಿಸಿದಾಗ ತಮ್ಮ ಸಮೀಕರಣವನ್ನು ಒರೆಗೆ ಹಚ್ಚಿದ್ದು 1905-06ರ ಬೊಂಬಾಯಿ ಪ್ಲೇಗಿನ ಸಾವಿನ ಅಂಕಿಗಳ ಮೇಲೆ. ಜಗತ್ತಿನಾದ್ಯಂತ ಕಲಿಸುವ ಈ ಮಾದರಿಯ ಮೊದಲ ಪರೀಕ್ಷೆ ನಡೆದದ್ದು ನಮ್ಮ ನೆಲದ ದುಃಖದ ಮೇಲೆ. 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಅದರ ಬೆನ್ನಲ್ಲೇ. ಪ್ಲೇಗಮ್ಮನ ಗುಡಿಗಳು ಎಷ್ಟೋ ಊರುಗಳಲ್ಲಿ ಇವತ್ತಿಗೂ ಇವೆ. ಇದನ್ನೆಲ್ಲ ಹೇಳಿ ಪ್ರೋಗ್ರಾಮ್ ಬರೆಸಿದರೆ ಮಕ್ಕಳು ಬರೆಯುವ ರೀತಿಯೇ ಬೇರೆ.

ಆ ಪ್ರೋಗ್ರಾಮ್ ಹೇಳುವ ಮಾತೂ ಗಟ್ಟಿಯಾದದ್ದು. ಒಬ್ಬ ಸೋಂಕಿತ ಸರಾಸರಿ ಮೂವರಿಗೆ ಅಂಟಿಸುವ ರೋಗವಾದರೆ ಅದರ ಉತ್ತುಂಗದ ದಿನ ಊರಿನ ಸುಮಾರು ಶೇ. 30 ಮಂದಿ ಒಟ್ಟಿಗೆ ಕಾಯಿಲೆ ಬಿದ್ದಿರುತ್ತಾರೆ. ಮೂವರನ್ನು ಇಬ್ಬರಿಗೆ ಇಳಿಸಿದರೆ ಅದು ಸುಮಾರು ಶೇ. 15. ಆಸ್ಪತ್ರೆಯ ಹಾಸಿಗೆಗಳ ಬೇಡಿಕೆ ಅರ್ಧಕ್ಕೆ ಇಳಿಯಿತು. ಕೋವಿಡ್ ಕಾಲದಲ್ಲಿ ಮನೆಯಲ್ಲಿ ಕೂತಿದ್ದ ಮಕ್ಕಳಿಗೆ ಏಕೆ ಕೂತಿದ್ದೆವೆಂದು ಅರ್ಥವಾಗುವುದು ಆಗ.

ಇನ್ನೊಂದು ಸಂಗತಿಯನ್ನು ಕನ್ನಡ ಮಾಧ್ಯಮದಿಂದ ಬಂದ ಮಕ್ಕಳ ಮೇಷ್ಟ್ರುಗಳಿಗೆ ಒತ್ತಿ ಹೇಳುತ್ತೇನೆ. ಪೈಥಾನ್ 3ರಲ್ಲಿ ಚರಾಕ್ಷರಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ‘ಸೋಂಕಿತರು’ ಎಂದು ಬರೆದರೆ ಅದು ಒಪ್ಪಿಕೊಳ್ಳುತ್ತದೆ. ಆಜ್ಞೆಗಳು ಇಂಗ್ಲಿಷಿನಲ್ಲೇ ಇರುತ್ತವೆ, ಆದರೆ ಮಾದರಿಯ ಮೂರು ಸಾಲು ಕನ್ನಡದ ಮೂರು ವಾಕ್ಯಗಳಂತೆ ಓದಿಸಿಕೊಳ್ಳುತ್ತವೆ. ನಾನು ಇದನ್ನು ಶುರುಮಾಡಿದ ವರ್ಷ, ಅದುವರೆಗೆ ಒಮ್ಮೆಯೂ ಬಾಯಿ ಬಿಡದಿದ್ದ ಇಬ್ಬರು ಹುಡುಗಿಯರು ಎದ್ದು ಪ್ರಶ್ನೆ ಕೇಳಿದರು. ನಕ್ಷೆಯ ಮೇಲಿನ ಬರಹದಲ್ಲಿ ಮಾತ್ರ ಎಚ್ಚರ ಬೇಕು. ನಾನು ಬಳಸಿರುವ ಮ್ಯಾಟ್‌ಪ್ಲಾಟ್‌ಲಿಬ್ ಆವೃತ್ತಿಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ. ಕನ್ನಡದಲ್ಲಿ ಶೀರ್ಷಿಕೆ ಬೇಕಿದ್ದರೆ ಅಂಕಿಗಳನ್ನು ಕ್ಯಾಲ್ಕ್‌ಗೆ ತಂದು ನಕ್ಷೆ ಬಿಡಿಸಿ. ಅಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ.

ಪೈಥಾನ್ ಹಾಕುವಾಗ ಅನಕೊಂಡಾ ಎಂಬ ದೊಡ್ಡ ಕಟ್ಟನ್ನೇ ಹಾಕಬೇಕೆಂದಿಲ್ಲ. ಹಳೆಯ, 4 ಜಿಬಿ ಮೆಮೊರಿಯ ಕಂಪ್ಯೂಟರುಗಳು ಅದರ ಕೆಳಗೆ ಏದುಸಿರು ಬಿಡುತ್ತವೆ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸ ಕಲಿಕೆಗಾರರಿಗಾಗಿಯೇ ಮಾಡಿದ ಥಾನಿ ಹಗುರ. ಪ್ರೋಗ್ರಾಮನ್ನು ಸಾಲುಸಾಲಾಗಿ ನಡೆಸುತ್ತ ಪ್ರತಿ ಚರಾಕ್ಷರದ ಬೆಲೆ ಬದಲಾಗುವುದನ್ನು ಪಕ್ಕದಲ್ಲೇ ತೋರಿಸುತ್ತದೆ. ಲ್ಯಾಬಿನ ಕಂಪ್ಯೂಟರುಗಳಿಗೆ ಏನನ್ನೂ ಹಾಕಲು ಅನುಮತಿಯಿಲ್ಲದ ಕಡೆ ವಿನ್‌ಪೈಥಾನ್ ಉಪಯೋಗಕ್ಕೆ ಬರುತ್ತದೆ. ಅದು ಪೆನ್‌ಡ್ರೈವ್‌ನಿಂದಲೇ ನಡೆಯುತ್ತದೆ.

ಆಕ್ಟೇವ್, ಸೈಲ್ಯಾಬ್ ಮತ್ತು ಉಳಿದವು

ಎಂಜಿನಿಯರಿಂಗ್ ಕಾಲೇಜಿನವರು ಕೇಳುವುದು ಮ್ಯಾಟ್‌ಲ್ಯಾಬ್‌ಗೆ ಬದಲಿ ಏನೆಂದು. ಗ್ನೂ ಆಕ್ಟೇವ್. ಮ್ಯಾಟ್‌ಲ್ಯಾಬ್‌ಗಾಗಿ ಬರೆದ ಸಾಮಾನ್ಯ ಪ್ರೋಗ್ರಾಮುಗಳು ಇದರಲ್ಲಿ ಹೆಚ್ಚೂಕಡಿಮೆ ಹಾಗೆಯೇ ನಡೆಯುತ್ತವೆ. ಇದು ಹುಟ್ಟಿದ್ದೇ ಪಾಠಕ್ಕಾಗಿ, ರಾಸಾಯನಿಕ ರಿಯಾಕ್ಟರ್ ವಿನ್ಯಾಸದ ಪಠ್ಯಪುಸ್ತಕವೊಂದಕ್ಕೆ ಜೊತೆಯಾಗಲೆಂದು. ಜಾನ್ ಈಟನ್ ಅದಕ್ಕೆ ಇಟ್ಟದ್ದು ತಮ್ಮ ಗುರು, ರಾಸಾಯನಿಕ ಎಂಜಿನಿಯರಿಂಗ್ ಪ್ರಾಧ್ಯಾಪಕ ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರನ್ನು. ಶಿಷ್ಯನೊಬ್ಬ ಗುರುವಿಗೆ ಸಲ್ಲಿಸಿದ ಇಂಥ ಕಾಣಿಕೆಯನ್ನು ತರಗತಿಯಲ್ಲಿ ಹೇಳಲು ನನಗೆ ಇಷ್ಟ.

ಫ್ರಾನ್ಸಿನಲ್ಲಿ ಹುಟ್ಟಿದ ಸೈಲ್ಯಾಬ್‌ಗೆ ನಮ್ಮಲ್ಲಿ ದೊಡ್ಡ ಆಸರೆಯಿದೆ. ಐಐಟಿ ಬಾಂಬೆಯ ಫಾಸಿ ಯೋಜನೆಯವರು ನೂರಾರು ಪಠ್ಯಪುಸ್ತಕಗಳ ಬಿಡಿಸಿದ ಲೆಕ್ಕಗಳನ್ನು ಸೈಲ್ಯಾಬ್ ಪ್ರೋಗ್ರಾಮುಗಳಾಗಿ ಬರೆಸಿ ಮುಕ್ತವಾಗಿ ಇಟ್ಟಿದ್ದಾರೆ. ನಿಮ್ಮ ವಿಷಯದ ಪುಸ್ತಕ ಅಲ್ಲಿದ್ದರೆ ಸೈಲ್ಯಾಬ್ ಆರಿಸಿ, ಇಲ್ಲದಿದ್ದರೆ ಆಕ್ಟೇವ್. ಎರಡನ್ನೂ ಒಂದೇ ವರ್ಷ ಕಲಿಸಬೇಡಿ, ಆಜ್ಞೆಗಳು ಅಕ್ಕಪಕ್ಕದಲ್ಲಿದ್ದು ಗೊಂದಲವಾಗುತ್ತದೆ.

ಸಂಖ್ಯೆಯಲ್ಲ, ಸೂತ್ರವೇ ಉತ್ತರವಾಗಿ ಬೇಕಿದ್ದರೆ ಮ್ಯಾಕ್ಸಿಮಾ. 1960ರ ದಶಕದಲ್ಲಿ ಎಂಐಟಿಯಲ್ಲಿ ಶುರುವಾದ ತಂತ್ರಾಂಶವೊಂದು ಮ್ಯಾಕ್ಸಿಮಾ ಆಗಿ ಉಳಿದದ್ದು ವಿಲಿಯಂ ಶೆಲ್ಟರ್ ಎಂಬ ಪ್ರಾಧ್ಯಾಪಕರು ವರ್ಷಗಟ್ಟಲೆ ಅದನ್ನು ಕಾಪಾಡಿ, 1998ರಲ್ಲಿ ಮುಕ್ತ ಪರವಾನಗಿಯಡಿ ಹೊರತರಲು ಅನುಮತಿ ಪಡೆದದ್ದರಿಂದ. ಸಂಖ್ಯಾಶಾಸ್ತ್ರ ಮುಖ್ಯವಾದ ಕಡೆ ಆರ್ ಎಂಬ ತಂತ್ರಾಂಶ. ಸೇಜ್‌ಮ್ಯಾತ್ ಇವುಗಳಲ್ಲಿ ಹಲವನ್ನು ಒಂದೇ ಸೂರಿನಡಿ ತರುತ್ತದೆ, ಆದರೆ ತುಂಬ ಭಾರ. ಸಾಮಾನ್ಯ ಲ್ಯಾಬಿಗೆ ನಾನು ಅದನ್ನು ಹೇಳುವುದಿಲ್ಲ.

ಸಮೀಕರಣ ಸಿಗದ ಕಡೆ ನೆಟ್‌ಲೋಗೋ

ಕೆಲವು ಪ್ರಶ್ನೆಗಳಿಗೆ ಸಮೀಕರಣ ಬರೆಯುವುದಕ್ಕಿಂತ, ಒಂದೊಂದು ಜೀವಿಗೂ ಒಂದೊಂದು ನಿಯಮ ಕೊಟ್ಟು ಆಡಲು ಬಿಡುವುದು ಮೇಲು. ಯೂರಿ ವಿಲೆನ್‌ಸ್ಕಿ 1999ರಲ್ಲಿ ಹೊರತಂದ ನೆಟ್‌ಲೋಗೋ ಇದಕ್ಕಾಗಿಯೇ ಇದೆ. ಅದರ ಜೊತೆಗೇ ಬರುವ ಮಾದರಿಗಳಲ್ಲಿ ಕಾಡ್ಗಿಚ್ಚಿನದು ನನ್ನ ನೆಚ್ಚಿನದು. ಕಾಡಿನಲ್ಲಿ ಶೇ. 55ರಷ್ಟು ಜಾಗದಲ್ಲಿ ಮರವಿದ್ದರೆ ಒಂದು ಬದಿಗೆ ಇಟ್ಟ ಬೆಂಕಿ ಸ್ವಲ್ಪ ದೂರ ಹೋಗಿ ಆರುತ್ತದೆ. ಶೇ. 65 ಇದ್ದರೆ ಹೆಚ್ಚುಕಡಿಮೆ ಇಡೀ ಕಾಡು ಸುಡುತ್ತದೆ. ಶೇ. 59ರ ಸುತ್ತ ಒಂದು ಹೊಸ್ತಿಲಿದೆ. ಅದರ ಈಚೆ ಆಚೆ ಎರಡು ಬೇರೆ ಲೋಕ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದನ್ನು ಟಿವಿಯಲ್ಲಿ ನೋಡಿದ ಮಕ್ಕಳಿಗೆ ಬೆಂಕಿರೇಖೆ ಏಕೆ ತೆಗೆಯುತ್ತಾರೆಂದು ಇಲ್ಲಿ ತಿಳಿಯುತ್ತದೆ. ಮಾದರಿಯಲ್ಲಿ ಗಾಳಿಯಿಲ್ಲ, ಇಳಿಜಾರಿಲ್ಲ, ಒಣಗಿದ ಲಂಟಾನ ಇಲ್ಲ. ಅದನ್ನು ಅವರೇ ಹುಡುಕಿ ಹೇಳಬೇಕು, ಒಂದನ್ನಾದರೂ ಸೇರಿಸಬೇಕು. ಸಂಕೇತವೆಲ್ಲ ಅದೇ ಕಿಟಕಿಯಲ್ಲಿ ತೆರೆದಿರುವುದರಿಂದ ಇದು ಸಾಧ್ಯ.

ಲ್ಯಾಬಿಗೆ ಹೋಗುವ ಮುನ್ನ

ನೀವೇ ಒಂದು ಸಂಜೆ, ಲ್ಯಾಬಿನ ಅತ್ಯಂತ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಇಂಟರ್‌ನೆಟ್ ತಂತಿ ಕಿತ್ತು, ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡಿ. ಅಲ್ಲಿ ನಡೆದರೆ ಎಲ್ಲೆಡೆ ನಡೆಯುತ್ತದೆ. ಪೈಥಾನ್‌ನ ಹೆಚ್ಚುವರಿ ಕಟ್ಟುಗಳನ್ನು ತರಗತಿಯಲ್ಲಿ ಇಳಿಸಲು ಹೊರಟರೆ ನಲವತ್ತು ಕಂಪ್ಯೂಟರು ಒಂದೇ ಸಂಪರ್ಕಕ್ಕೆ ಕಿತ್ತಾಡಿ ಎರಡು ಪೀರಿಯಡ್ ಹೋಗುತ್ತದೆ. ಮೊದಲೇ ಇಳಿಸಿಟ್ಟುಕೊಳ್ಳಿ. ಕರೆಂಟ್ ಹೋಗುವ ಊರಾದರೆ ಐದು ನಿಮಿಷಕ್ಕೊಮ್ಮೆ ಉಳಿಸಿಕೊಳ್ಳುವ ಅಭ್ಯಾಸ ಮಾಡಿಸಿ. ಮನೆಯಲ್ಲಿ ಫೋನು ಮಾತ್ರ ಇರುವ ಮಕ್ಕಳಿಗೆ ಜಿಯೋಜೀಬ್ರಾದ ಆಪ್ ಇದೆ, ನೆಟ್‌ಲೋಗೋ ಬ್ರೌಸರಿನಲ್ಲೂ ನಡೆಯುತ್ತದೆ.

ನಿಮಗೇ ತಂತ್ರಾಂಶ ಹೊಸದೆಂದು ಹಿಂಜರಿಯಬೇಡಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ವಿಡಿಯೊ ಪಾಠಗಳು ತಲಾ ಹತ್ತು ನಿಮಿಷದ ಆಸುಪಾಸಿನವು, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ಧ್ವನಿಯಲ್ಲಿವೆ. ಪರದೆಯ ಅರ್ಧದಲ್ಲಿ ವಿಡಿಯೊ, ಉಳಿದರ್ಧದಲ್ಲಿ ತಂತ್ರಾಂಶ ಇಟ್ಟುಕೊಂಡು, ಅವರು ಮಾಡಿದ್ದನ್ನು ಮಾಡುತ್ತ ಹೋದರೆ ಒಂದು ಬೇಸಿಗೆ ರಜೆ ಬೇಕಾದಷ್ಟಾಯಿತು.

ಅಂಕ ಕೊಡುವ ವಿಚಾರವನ್ನೂ ಈಗಲೇ ತೀರ್ಮಾನಿಸಿಕೊಳ್ಳಿ. ಎನ್‌ಸಿಇಆರ್‌ಟಿ ಪುಸ್ತಕದ ಅನುಬಂಧದಲ್ಲಿ ಗಣಿತ ಮಾದರಿಯ ಅಧ್ಯಾಯ ಬಹಳ ಕಾಲ ಇದ್ದರೂ ಪರೀಕ್ಷೆಗಿಲ್ಲವೆಂದು ಯಾರೂ ಪುಟ ತಿರುಗಿಸಲಿಲ್ಲ. ನಾನು ಹತ್ತರಲ್ಲಿ ಎರಡು ಅಂಕ ಮಾತ್ರ ಪ್ರೋಗ್ರಾಮಿಗೆ ಕೊಡುತ್ತೇನೆ. ಯಾವುದನ್ನು ಊಹಿಸಿಕೊಂಡೆ, ಏಕೆ, ಅಳತೆಗೆ ಹಿಡಿದಾಗ ಎಲ್ಲಿ ತಪ್ಪಿತು, ಆಮೇಲೆ ಏನು ಬದಲಿಸಿದೆ ಎಂಬುದಕ್ಕೆ ಎಂಟು.

ಲಿಬ್ರೆಆಫೀಸ್, ಜಿಯೋಜೀಬ್ರಾ, ಪೈಥಾನ್, ಥಾನಿ, ಆಕ್ಟೇವ್, ಮ್ಯಾಕ್ಸಿಮಾ, ನೆಟ್‌ಲೋಗೋ ಇಷ್ಟೂ ಸೇರಿ 8 ಜಿಬಿಯ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತವೆ. ವರ್ಷದ ಮೊದಲ ವಾರ ನಿಮ್ಮ ಬಳಿ ಅಂಥದೊಂದು ಇರಲಿ. ಕೇಳಿದ ವಿದ್ಯಾರ್ಥಿಗಳಿಗೆಲ್ಲ ಕೊಡಿ, ಮನೆಗೆ ಒಯ್ದು ಹಾಕಿಕೊಂಡು ನಾಳೆ ವಾಪಸ್ ತರಲಿ.